ಟಿವಿಯಲ್ಲಿ ಅಚ್ಚೊತ್ತಿದ ಲೋಗೋ, ಮಾನಿಟರ್‌ನಲ್ಲಿ ಉಳಿದ ಗೆರೆ: ಎರಡು ಪರದೆಗಳ ರಿಪೇರಿ ದಾಖಲೆ

ಬೆಂಚಿನ ಮೇಲಿರುವುದು ಎರಡು ಪರದೆ. ಮೊದಲನೆಯದು ಹೋಟೆಲಿನ ಗೋಡೆಯಿಂದ ಇಳಿಸಿದ 55 ಇಂಚಿನ ಓಎಲ್ಇಡಿ ಟಿವಿ. ಬೆಳಿಗ್ಗೆ ಆರಕ್ಕೆ ಹಾಕಿದರೆ ರಾತ್ರಿ ಹತ್ತರವರೆಗೆ ಒಂದೇ ಸುದ್ದಿ ವಾಹಿನಿ. ಈಗ ಕ್ರಿಕೆಟ್ ಹಾಕಿದರೂ ಹಸಿರು ಮೈದಾನದ ಮೂಲೆಯಲ್ಲಿ ಆ ವಾಹಿನಿಯ ಲೋಗೋ ಮಸುಕಾಗಿ ನಿಂತಿರುತ್ತದೆ, ಕೆಳಗೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡುತ್ತಿದ್ದ ಜಾಗ ಕೊಳೆ ಮೆತ್ತಿದಂತೆ ಕಾಣುತ್ತದೆ. ಎರಡನೆಯದು 24 ಇಂಚಿನ ಐಪಿಎಸ್ ಎಲ್‌ಸಿಡಿ ಮಾನಿಟರ್. ಸಿಸಿಟಿವಿಯ ನಾಲ್ಕು ಕ್ಯಾಮೆರಾ ಚೌಕಗಳ ನಡುವಿನ ಗೆರೆ, ಮೂಲೆಯ ತಾರೀಖು ಅದರಲ್ಲಿ ಉಳಿದುಬಿಟ್ಟಿವೆ.

ಎರಡಕ್ಕೂ ಜನ ಹೇಳುವುದು ‘ಬರ್ನ್-ಇನ್’ ಎಂದೇ. ಆದರೆ ಟಿವಿಯಲ್ಲಿ ಆಗಿರುವುದು ಸವೆತ, ಮಾನಿಟರ್‌ನಲ್ಲಿ ಆಗಿರುವುದು ಬೇಡದ ವಿದ್ಯುತ್ ಅಂಶ ಒಳಗೆ ಕೂತಿರುವುದು. ಮೊದಲನೆಯದಕ್ಕೆ ಎರಡನೆಯದರ ಮದ್ದು ಹಾಕಿದರೆ ಪರದೆ ಇನ್ನಷ್ಟು ಸವೆಯುತ್ತದೆ. ಅದಕ್ಕೇ ಈ ದಾಖಲೆಯಲ್ಲಿ ಅಳತೆಗೆ ಹೆಚ್ಚು ಜಾಗ, ರಿಪೇರಿಗೆ ಕಡಿಮೆ.

ಓಎಲ್ಇಡಿಯಲ್ಲಿ ಹಿಂಬದಿ ದೀಪ ಇಲ್ಲ; ಪ್ರತಿ ಪಿಕ್ಸೆಲ್ಲೂ ತಾನೇ ಉರಿಯುತ್ತದೆ, ಉರಿದಷ್ಟೂ ಮಂಕಾಗುತ್ತದೆ. ವರ್ಷಗಟ್ಟಲೆ ಹಾಕಿದ ಹವಾಯಿ ಚಪ್ಪಲಿಯಲ್ಲಿ ಹೆಬ್ಬೆರಳಿನ ಜಾಗ ಗುಳಿಬೀಳುವುದಿಲ್ಲವೇ, ಹಾಗೆ. ಲೋಗೋ ಅಲ್ಲಿ ಅಂಟಿಕೊಂಡಿಲ್ಲ. ಅದು ಇದ್ದ ಕಡೆ ಬೆಳಕು ಕೊಡುವ ಪದಾರ್ಥ ಅಕ್ಕಪಕ್ಕಕ್ಕಿಂತ ಹೆಚ್ಚು ಖರ್ಚಾಗಿದೆ. ಆದ್ದರಿಂದ ಒರೆಸಿ ತೆಗೆಯುವ ಮಾತೇ ಇಲ್ಲ. ಸವೆದ ಪಿಕ್ಸೆಲ್ಲಿಗೆ ಸ್ವಲ್ಪ ಹೆಚ್ಚು ಕರೆಂಟು ಕೊಟ್ಟು ಅಕ್ಕಪಕ್ಕದವುಗಳಿಗೆ ಸರಿದೂಗಿಸಬೇಕು. ಅದೂ ಸಾಲದಿದ್ದರೆ ಪ್ಯಾನಲ್ ಬದಲಿಸಬೇಕು.

ಕೆಂಪು ಪಟ್ಟಿಯ ಕಲೆ ಬೇಗ ಬೀಳುವುದಕ್ಕೆ ಕಾರಣವಿದೆ. ಎಲ್‌ಜಿ ಡಿಸ್‌ಪ್ಲೇ ಮಾಡುವ ದೊಡ್ಡ ಟಿವಿ ಪ್ಯಾನಲ್‌ಗಳಲ್ಲಿ ಪ್ರತಿ ಪಿಕ್ಸೆಲ್ಲಿನೊಳಗೆ ನಾಲ್ಕು ಚಿಕ್ಕ ಉಪಪಿಕ್ಸೆಲ್ ಇರುತ್ತವೆ, ಎಲ್ಲವೂ ಮೂಲತಃ ಬಿಳಿ ಬೆಳಕನ್ನೇ ಕೊಡುತ್ತವೆ. ಕೆಂಪು, ಹಸಿರು, ನೀಲಿಗೆ ಮುಂದೆ ಬಣ್ಣದ ಫಿಲ್ಟರ್ ಇರುತ್ತದೆ. ನಾಲ್ಕನೆಯದಕ್ಕೆ ಫಿಲ್ಟರ್ ಇಲ್ಲ, ಅದು ಬಿಳಿ. ಫಿಲ್ಟರ್ ಬಹುಪಾಲು ಬೆಳಕನ್ನು ನುಂಗಿಬಿಡುವುದರಿಂದ ಗಾಢ ಕೆಂಪು ತೋರಿಸಲು ಕೆಂಪು ಉಪಪಿಕ್ಸೆಲ್ ಒಂದೇ ಮೈಮುರಿದು ದುಡಿಯಬೇಕು. ಬಿಳಿ ಅಕ್ಷರಕ್ಕಾದರೆ ಬಿಳಿ ಉಪಪಿಕ್ಸೆಲ್ ಹೆಚ್ಚಿನ ಹೊರೆ ಹೊರುತ್ತದೆ. ನಮ್ಮ ಸುದ್ದಿ ವಾಹಿನಿಗಳ ಕೆಂಪು ಪಟ್ಟಿ, ಅದರ ಮೇಲೆ ಹಳದಿ ಅಕ್ಷರ ಈ ಪರದೆಗೆ ತೀರ ಕಷ್ಟದ ಜೋಡಿ.

ಪರೀಕ್ಷೆಯ ಚಿತ್ರಗಳು

ಪರದೆಯ ಅಸಲಿ ರೆಸಲ್ಯೂಶನ್‌ನಲ್ಲೇ ಚಿತ್ರ ಮಾಡಿಕೊಳ್ಳಬೇಕು: ಈ ಟಿವಿಗೆ 3840×2160, ಮಾನಿಟರ್‌ಗೆ 1920×1080. ಗಿಂಪ್‌ನಲ್ಲಿ (ಚಿತ್ರ ಮಾಡುವ ಉಚಿತ ಪ್ರೋಗ್ರಾಮು) ಖಾಲಿ ಚಿತ್ರ ತೆರೆದು ಒಂದೇ ಬಣ್ಣ ಸುರಿದು ಪಿಎನ್‌ಜಿಯಾಗಿ ಉಳಿಸಿದರೆ ಸಾಕು. ಬೇಕಾದವು ಎಂಟು: ಬೂದು 5%, 20%, 50%, 100% (ಅಂದರೆ ಬಿಳಿ), ಶುದ್ಧ ಕೆಂಪು, ಶುದ್ಧ ಹಸಿರು, ಶುದ್ಧ ನೀಲಿ, ಮತ್ತು ಹಳದಿ. ಜೆಪೆಗ್ ಬೇಡ. ಸಮತಟ್ಟಾದ ಬೂದುಬಣ್ಣದಲ್ಲಿ ಅದರ ಚೌಕಚೌಕದ ಕಲ್ಮಶ ಸೇರಿಕೊಂಡರೆ ಯಾವುದು ಪರದೆಯದು, ಯಾವುದು ಫೈಲಿನದು ಎಂದು ತಲೆಕೆಡುತ್ತದೆ.

ಪೆನ್‌ಡ್ರೈವ್ ಚುಚ್ಚುವ ಮೊದಲು ಟಿವಿಯಲ್ಲಿ ಎನರ್ಜಿ ಸೇವಿಂಗ್, ಡೈನಾಮಿಕ್ ಕಾಂಟ್ರಾಸ್ಟ್, ಕೋಣೆಯ ಬೆಳಕಿಗೆ ತಕ್ಕಂತೆ ಬದಲಾಗುವ ಸೆನ್ಸರ್, ಲೋಗೋ ಬ್ರೈಟ್‌ನೆಸ್ ಕಡಿಮೆ ಮಾಡುವ ಆಯ್ಕೆ, ಎಲ್ಲ ಆಫ್. ಪಿಕ್ಚರ್ ಮೋಡ್ ಸಿನಿಮಾ ಅಥವಾ ಫಿಲ್ಮ್‌ಮೇಕರ್. ಪರದೆ ಅರ್ಧ ಗಂಟೆ ಬಿಸಿಯಾಗಲಿ, ಆ ಹೊತ್ತಿನಲ್ಲಿ ಮಾಮೂಲಿ ವಿಡಿಯೋ ಓಡುತ್ತಿರಲಿ.

ಕಣ್ಣಿನಿಂದ ನೋಡುವುದು ಮೊದಲ ಪರೀಕ್ಷೆ. ಕೋಣೆ ಕತ್ತಲು ಮಾಡಿ ಒಂದೊಂದೇ ಬಣ್ಣ ಹಾಕಿ. ಲೋಗೋ ಕೆಂಪಿನಲ್ಲಿ ಮಾತ್ರ ಕಂಡು ಹಸಿರು, ನೀಲಿಯಲ್ಲಿ ಕಾಣದಿದ್ದರೆ ಸವೆದದ್ದು ಕೆಂಪು ಉಪಪಿಕ್ಸೆಲ್ ಒಂದೇ. ಹಳದಿಯಲ್ಲಿ ಕಲೆ ಹಸಿರು ಕಡೆಗೆ ತಿರುಗಿದರೂ ಅದೇ ಅರ್ಥ, ಕೆಂಪು ಕಡಿಮೆಯಾಗಿದೆ. ಬೂದು ಮತ್ತು ಬಿಳಿಯಲ್ಲಿ ಮಾತ್ರ ಕಂಡರೆ ಬಿಳಿ ಉಪಪಿಕ್ಸೆಲ್ಲಿನ ಸವೆತ. 5% ಬೂದುಬಣ್ಣದಲ್ಲಿ ಮೇಲಿನಿಂದ ಕೆಳಗೆ ಸಣ್ಣ ಸಣ್ಣ ಗೆರೆ ಕಾಣಬಹುದು. ಹೊಸ ಓಎಲ್ಇಡಿಯಲ್ಲೂ ಅಷ್ಟಿಷ್ಟು ಇರುತ್ತವೆ, ಅದನ್ನು ಸವೆತದ ಲೆಕ್ಕಕ್ಕೆ ಸೇರಿಸಬೇಡಿ. ಸವೆತಕ್ಕೆ ಆಕಾರ ಇರುತ್ತದೆ. ಲೋಗೋದ ಅಂಚು ತುಸು ಮಸುಕಾಗಿರುವುದು ಸಹಜ, ಏಕೆಂದರೆ ಸ್ಕ್ರೀನ್ ಶಿಫ್ಟ್ ಆನ್ ಇದ್ದರೆ ಟಿವಿಯೇ ಚಿತ್ರವನ್ನು ಆಗಾಗ ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುತ್ತಿರುತ್ತದೆ.

ಇನ್ನೊಂದು ಮಾತು ಇಲ್ಲೇ ತೀರ್ಮಾನವಾಗಬೇಕು: ಇದು ಶಾಶ್ವತವೋ, ತಾತ್ಕಾಲಿಕ ನೆರಳೋ? ಲೋಗೋ ಇಲ್ಲದ, ಇಡೀ ಪರದೆ ತುಂಬ ಚಲಿಸುವ ವಿಡಿಯೋವನ್ನು ನಾಲ್ಕೈದು ಗಂಟೆ ಓಡಿಸಿ, ಸ್ಟ್ಯಾಂಡ್‌ಬೈನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ನೋಡಿ. ಹೋಗಿದ್ದರೆ ರಿಪೇರಿ ಬೇಡ. ಉಳಿದಿದ್ದರೆ ಅಳತೆಗೆ ಇಳಿಯಬೇಕು.

ಅಳೆಯುವ ನಳಿಕೆ

ಕಣ್ಣು ಅಂಚನ್ನು ಚೆನ್ನಾಗಿ ಹಿಡಿಯುತ್ತದೆ. ಚೂಪಾದ ಅಂಚಿದ್ದರೆ ಒಂದೆರಡು ಶೇಕಡಾ ವ್ಯತ್ಯಾಸವೂ ಕಾಣುತ್ತದೆ. ಆದರೆ ನಿನ್ನೆಗಿಂತ ಇವತ್ತು ಎಷ್ಟು ಸರಿಹೋಯಿತು ಎಂದು ಅದು ಹೇಳಲಾರದು. ಅದಕ್ಕೊಂದು ಸಣ್ಣ ಮೀಟರ್ ಮಾಡಿಕೊಳ್ಳುವುದು ಅರ್ಧ ದಿನದ ಕೆಲಸ, ಸಾಮಾನೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ: ಜಿವೈ-302 ಎಂದು ಮಾರುವ ಬಿಎಚ್1750 ಬೆಳಕಿನ ಸೆನ್ಸರ್, ಒಂದು ಆರ್ಡುಯಿನೋ ನ್ಯಾನೋ (ಸೆನ್ಸರನ್ನು ಓದುವ ಚಿಕ್ಕ ಕಂಟ್ರೋಲರ್ ಬೋರ್ಡು), ನಾಲ್ಕು ಜಂಪರ್ ವೈರು, ಸುಮಾರು 25 ಮಿ.ಮೀ. ಒಳವ್ಯಾಸದ ಪಿವಿಸಿ ಪೈಪಿನ ತುಂಡು, ಮ್ಯಾಟ್ ಕಪ್ಪು ಸ್ಪ್ರೇ ಪೇಂಟು, ಒಂದು ಚೂರು ಕಪ್ಪು ವೆಲ್ವೆಟ್ ಬಟ್ಟೆ.

ವೈರಿಂಗ್ ಸರಳ. ಸೆನ್ಸರಿನ ಎಸ್‌ಡಿಎ ನ್ಯಾನೋದ ಎ4ಗೆ, ಎಸ್‌ಸಿಎಲ್ ಎ5ಗೆ, ವಿಸಿಸಿ 5 ವೋಲ್ಟಿಗೆ, ಗ್ರೌಂಡ್ ಗ್ರೌಂಡಿಗೆ. ವಿಳಾಸದ ಪಿನ್ನನ್ನು ಗ್ರೌಂಡಿಗೆ ಕೊಟ್ಟರೆ ಐ2ಸಿ ವಿಳಾಸ ಹೆಕ್ಸಾಡೆಸಿಮಲ್‌ನಲ್ಲಿ 23. ಆರ್ಡುಯಿನೋ ಲೈಬ್ರರಿ ಪಟ್ಟಿಯಲ್ಲಿ ಈ ಸೆನ್ಸರಿನ ಹೆಸರು ಹುಡುಕಿ ಹಾಕಿಕೊಂಡು, ಎರಡನೇ ಹೈ-ರೆಸಲ್ಯೂಶನ್ ಮೋಡ್ ಆರಿಸಿ. ಅದರಲ್ಲಿ ಒಂದು ಮೆಟ್ಟಿಲು 0.5 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ಒಂದು ಓದಿಗೆ ಸುಮಾರು 120 ಮಿಲಿಸೆಕೆಂಡು. ಪ್ರತಿ ಬಾರಿ 50 ಓದುಗಳ ಸರಾಸರಿ ತೆಗೆದು ತೋರಿಸುವಂತೆ ಬರೆದರೆ ಆರು ಸೆಕೆಂಡಿಗೆ ಒಂದು ನಂಬಬಹುದಾದ ಅಂಕಿ ಬರುತ್ತದೆ.

ಪೈಪಿನ ಉದ್ದದಲ್ಲಿ ಎಡವುವವರೇ ಹೆಚ್ಚು. ಉದ್ದ ಮಾಡಿದಷ್ಟೂ ಸೆನ್ಸರಿಗೆ ಬೀಳುವ ಬೆಳಕು ಸೊರಗುತ್ತದೆ. 100 ನಿಟ್ಸ್ (ಪರದೆಯ ಹೊಳಪಿನ ಅಳತೆ) ಹೊಳಪಿನ ಪರದೆಯ ಮುಂದೆ 25 ಮಿ.ಮೀ. ಒಳವ್ಯಾಸದ ನಳಿಕೆಯಲ್ಲಿ ಸೆನ್ಸರ್ 40 ಮಿ.ಮೀ. ದೂರ ಕೂತರೆ ಬರುವುದು ಸುಮಾರು 28 ಲಕ್ಸ್. ಅರ್ಧ ಲಕ್ಸ್ ಮೆಟ್ಟಿಲು ಎಂದರೆ ಅಲ್ಲಿ ಹತ್ತಿರ ಹತ್ತಿರ 2%, ಹಗುರ ಸವೆತ ಅದರಲ್ಲೇ ಮುಚ್ಚಿಹೋಗುತ್ತದೆ. 20 ಮಿ.ಮೀ.ಗೆ ತಂದರೆ ಸುಮಾರು 88 ಲಕ್ಸ್, ಮೆಟ್ಟಿಲು 0.6%ಗೆ ಇಳಿಯುತ್ತದೆ. ಆದ್ದರಿಂದ ಸೆನ್ಸರ್ ಕಿಟಕಿಯಿಂದ ಪೈಪಿನ ಬಾಯಿಗೆ 20 ಮಿ.ಮೀ. ಇರುವಂತೆ ಹ್ಯಾಕ್ಸಾದಲ್ಲಿ ಕೊಯ್ದು, ಬಾಯಿಯನ್ನು ಗಾಜಿನ ಮೇಲೆ ಹಾಸಿದ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ಸಮ ಮಾಡಿ. ಒಳಗೋಡೆಗೆ ಕಪ್ಪು ಬಳಿಯಿರಿ. ಬಿಳಿ ಪಿವಿಸಿ ಹಾಗೇ ಬಿಟ್ಟರೆ ಗೋಡೆಯಿಂದ ಪುಟಿದ ಬೆಳಕೂ ಸೇರಿ ಅಂಕಿ ಏರುತ್ತದೆ, ಹೊರಗಿನ ಬೆಳಕೂ ಪೈಪಿನ ಮೂಲಕ ಸೋರುತ್ತದೆ. ಬಾಯಿಗೆ ವೆಲ್ವೆಟ್ ಉಂಗುರವನ್ನು ಫೆವಿಕಾಲ್‌ನಲ್ಲಿ ಅಂಟಿಸಿ. ಫೆವಿಕ್ವಿಕ್ ಬೇಡ, ಬಟ್ಟೆಯಲ್ಲಿ ಇಂಗಿ ಕಲ್ಲಿನಂತಾಗುತ್ತದೆ, ಪರದೆಗೆ ಗೀರು ಬೀಳುತ್ತದೆ.

ನಳಿಕೆಯನ್ನು ಪರದೆಗೆ ತಾಗಿಸಿದರೆ ಸಾಕು, ಒತ್ತಬಾರದು. ಓಎಲ್ಇಡಿ ಗಾಜು ತೆಳು. ಎಲ್‌ಸಿಡಿಯಲ್ಲಿ ಒತ್ತಿದ ಕಡೆ ದ್ರವ ಸ್ಫಟಿಕದ ಪದರ ಕದಲಿ ಹೊಳಪೇ ಬದಲಾಗುತ್ತದೆ, ಅಂಕಿ ಸುಳ್ಳಾಗುತ್ತದೆ. ಈ ಸೆನ್ಸರ್ ಬೇರೆ ಬೇರೆ ಬಣ್ಣವನ್ನು ಕಣ್ಣಿನಷ್ಟು ಸಮನಾಗಿ ಅಳೆಯುವುದಿಲ್ಲ. ಅದರಿಂದ ನಮಗೆ ತೊಂದರೆ ಇಲ್ಲ, ನಾವು ಕೆಂಪನ್ನು ಕೆಂಪಿನೊಂದಿಗೆ, ನೀಲಿಯನ್ನು ನೀಲಿಯೊಂದಿಗೆ ಮಾತ್ರ ಹೋಲಿಸುತ್ತೇವೆ.

ಅಳತೆ, ಮತ್ತು ಅದು ತಪ್ಪುವ ಬಗೆ

ಕಲೆಯ ಮೇಲೆ ಐದು ಜಾಗ, ಪ್ರತಿಯೊಂದಕ್ಕೂ ಪಕ್ಕದಲ್ಲಿ ಕಲೆ ಇಲ್ಲದ ಒಂದು ಜಾಗ, ಒಟ್ಟು ಹತ್ತು. ಪರದೆಯ ಅಂಚಿನಿಂದ ಎಷ್ಟು ಸೆಂಟಿಮೀಟರ್ ಎಂದು ಪುಸ್ತಕದಲ್ಲಿ ಬರೆದಿಡಿ, ಪರದೆಯ ಮೇಲೆ ಪೆನ್ನು ಆಡಿಸಬೇಡಿ. ಲೋಗೋ 25 ಮಿ.ಮೀ.ಗಿಂತ ಚಿಕ್ಕದಾದರೆ ನಳಿಕೆಯ ಬಾಯಿಯೊಳಗೆ ಕಲೆಯೂ ಒಳ್ಳೆಯ ಜಾಗವೂ ಎರಡೂ ಸೇರಿ ಸವೆತ ಕಡಿಮೆ ತೋರುತ್ತದೆ. ಅಂಥ ಕಡೆ 10 ಮಿ.ಮೀ. ರಂಧ್ರ ಕೊರೆದ ಕಪ್ಪು ಕಾರ್ಡು ಬಾಯಿಗೆ ಮುಚ್ಚಿ. ಬೆಳಕು ಕಡಿಮೆಯಾಗುವುದನ್ನು ಸೆನ್ಸರಿನ ಅಳತೆ-ಸಮಯ ರಿಜಿಸ್ಟರನ್ನು ಮಾಮೂಲಿ 69ರಿಂದ 254ಕ್ಕೆ ಏರಿಸಿ ಸರಿಮಾಡಿಕೊಳ್ಳಬಹುದು, ಆಗ ಮೆಟ್ಟಿಲು 0.11 ಲಕ್ಸ್ ಸಮೀಪಕ್ಕೆ ಬರುತ್ತದೆ.

ಈಗ ದೊಡ್ಡ ಹೊಂಡ. ಓಎಲ್ಇಡಿ ಟಿವಿ ತನ್ನನ್ನು ತಾನು ಕಾಪಾಡಿಕೊಳ್ಳಲು ನಿಶ್ಚಲ ಚಿತ್ರವನ್ನು ಕೆಲವು ನಿಮಿಷಗಳಲ್ಲಿ ಮೆಲ್ಲನೆ ಮಂಕು ಮಾಡುತ್ತ ಹೋಗುತ್ತದೆ, ಕಣ್ಣಿಗೆ ತಿಳಿಯದಷ್ಟು ನಿಧಾನವಾಗಿ. ಮೊದಲು ಐದು ಒಳ್ಳೆಯ ಜಾಗ ಅಳೆದು ಆಮೇಲೆ ಐದು ಕಲೆಯ ಜಾಗ ಅಳೆದರೆ, ಆ ಮಂಕೂ ಸವೆತದ ಲೆಕ್ಕಕ್ಕೆ ಸೇರುತ್ತದೆ. ಇಲ್ಲದ ಸವೆತ 10%, 20% ಎಂದು ಬರೆದುಕೊಳ್ಳುವ ಹಾಗಾಗುತ್ತದೆ. ದಾರಿ ಎರಡು. ಒಳ್ಳೆಯದು, ಕಲೆ, ಮತ್ತೆ ಅದೇ ಒಳ್ಳೆಯದು ಎಂಬ ಕ್ರಮದಲ್ಲಿ ಅಳೆಯಿರಿ. ಎರಡು ಒಳ್ಳೆಯ ಅಂಕಿಗಳ ನಡುವೆ 1%ಗಿಂತ ಹೆಚ್ಚು ಅಂತರ ಬಂದರೆ ಆ ಓದು ರದ್ದು. ಜೊತೆಗೆ ಪ್ರತಿ ನಿಮಿಷಕ್ಕೊಮ್ಮೆ ಚಲಿಸುವ ವಿಡಿಯೋ ಕೆಲವು ಸೆಕೆಂಡು ಹಾಕಿ ವಾಪಸ್ ಬನ್ನಿ. ಬೂದುಬಣ್ಣದ ಅಳತೆ 50%ರಲ್ಲೇ ಇರಲಿ. ಇಡೀ ಪರದೆ ಬಿಳಿಯಾದಾಗ ವಿದ್ಯುತ್ ಮಿತಿಗಾಗಿ ಟಿವಿ ಒಟ್ಟು ಹೊಳಪನ್ನೇ ಇಳಿಸಿಬಿಡುತ್ತದೆ.

ಪುಸ್ತಕದ ಒಂದು ಸಾಲು ಹೀಗಿರಬೇಕು. ಉದಾಹರಣೆಗೆ, ಶುದ್ಧ ಕೆಂಪು, ಜಾಗ 3: ಪಕ್ಕ 22.0, ಕಲೆ 19.4, ಮತ್ತೆ ಪಕ್ಕ 21.9. 19.4ನ್ನು ಪಕ್ಕದ ಸರಾಸರಿ 21.95ರಿಂದ ಭಾಗಿಸಿದರೆ 0.88, ಅಂದರೆ ಸವೆತ 12%.

ಮೀಟರ್ ಮಾಡುವಷ್ಟು ಪುರುಸೊತ್ತಿಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಆಗುತ್ತದೆ. ಪ್ರೊ ಮೋಡ್‌ನಲ್ಲಿ ಐಎಸ್ಒ, ಶಟರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಶಟರ್ 1/25 ಸೆಕೆಂಡಿಗಿಂತ ಚುರುಕಾಗಿರಬಾರದು, ಇಲ್ಲವಾದರೆ ಪರದೆಯ ರಿಫ್ರೆಶ್ ಪಟ್ಟಿಗಳು ಬೀಳುತ್ತವೆ. ಫೋಕಸ್ ತುಸು ತಪ್ಪಿಸಿದರೆ ಪಿಕ್ಸೆಲ್ ಜಾಲರಿಯ ಅಲೆಅಲೆ ಹೋಗುತ್ತದೆ. ಫೋಟೋದ ಮೂಲೆಗಳು ಲೆನ್ಸಿನಿಂದಲೇ ಕಪ್ಪಾಗುವ ಕಾರಣ ಕಲೆಯನ್ನು ಫೋಟೋದ ನಡುವಿಗೆ ತನ್ನಿ. ಇಲ್ಲಿ ಒಂದು ಲೆಕ್ಕ ಮರೆಯಬಾರದು: ಫೋಟೋದಲ್ಲಿ ಪಕ್ಕದ ಅಂಕಿ 120, ಕಲೆಯದು 108 ಇದ್ದರೆ ಸವೆತ 10% ಅಲ್ಲ. ಫೋಟೋದ ಅಂಕಿ ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲ, ಗಾಮಾ ಎಂಬ ಘಾತದ ತಿದ್ದುಪಡಿ ಇರುತ್ತದೆ, ಸಾಮಾನ್ಯವಾಗಿ 2.2. 0.9ರ 2.2ನೇ ಘಾತ ಸುಮಾರು 0.79. ನಿಜವಾದ ಕುಸಿತ 21%. ಅದೂ ಮೊಬೈಲು ತನ್ನಷ್ಟಕ್ಕೆ ಕಾಂಟ್ರಾಸ್ಟ್ ತಿದ್ದಿರದಿದ್ದರೆ ಮಾತ್ರ. ಕ್ಯಾಮೆರಾ ತಿದ್ದದ ರಾ ಫೈಲು ತೆಗೆಯಲು ಬಂದರೆ ಅದನ್ನೇ ತೆಗೆಯಿರಿ.

ಗೋಡೆಯ ಸ್ವಿಚ್ಚು

ಅಳತೆ ಮುಗಿದ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ: ರಾತ್ರಿ ಟಿವಿ ಹೇಗೆ ಆಫ್ ಮಾಡುತ್ತೀರಿ? ಹತ್ತರಲ್ಲಿ ಒಂಬತ್ತು ಕಡೆ ಉತ್ತರ ಒಂದೇ, ರಿಮೋಟ್ ಒತ್ತಿ, ಕೂಡಲೇ ಗೋಡೆಯ ಸ್ವಿಚ್ಚೂ ಆಫ್. ಟ್ಯೂಬ್ ಟಿವಿ ಕಾಲದಿಂದ ಬಂದ ಒಳ್ಳೆಯ ಅಭ್ಯಾಸವೇ. ಓಎಲ್ಇಡಿಗೆ ಮಾತ್ರ ಅದು ಕುತ್ತು.

ರಿಮೋಟಿನಲ್ಲಿ ಆಫ್ ಮಾಡಿದ ಮೇಲೆ, ಒಟ್ಟು ನಾಲ್ಕು ಗಂಟೆಗಿಂತ ಹೆಚ್ಚು ಓಡಿದ್ದರೆ, ಎಲ್‌ಜಿ ಪ್ಯಾನಲ್‌ನ ಟಿವಿ ಸ್ಟ್ಯಾಂಡ್‌ಬೈನಲ್ಲಿ ಸದ್ದಿಲ್ಲದೆ ಒಂದು ಕೆಲಸ ಮಾಡುತ್ತದೆ. ಪಿಕ್ಸೆಲ್ಲುಗಳನ್ನು ನಡೆಸುವ ಟ್ರಾನ್ಸಿಸ್ಟರ್‌ಗಳು ಎಷ್ಟು ಬದಲಾಗಿವೆ ಎಂದು ಅಳೆದು, ಕೊಡಬೇಕಾದ ವೋಲ್ಟೇಜಿನ ಪಟ್ಟಿಯನ್ನು ಮೆಮೊರಿಯಲ್ಲಿ ತಿದ್ದಿ ಬರೆಯುತ್ತದೆ. ಕೆಲವು ನಿಮಿಷದ ಕೆಲಸ. ಕಿವಿಗೊಟ್ಟರೆ ಶುರುವಿಗೊಂದು, ಮುಗಿದಾಗೊಂದು ರಿಲೇ ‘ಟಕ್’ ಎನ್ನುವುದು ಕೇಳುತ್ತದೆ. ಮೊದಲ ಟಕ್ಕಿಗೂ ಮುಂಚೆಯೇ ಗೋಡೆಯ ಸ್ವಿಚ್ಚು ಆರಿದರೆ ತಿಂಗಳುಗಟ್ಟಲೆ ಈ ತಿದ್ದುಪಡಿ ನಡೆಯುವುದೇ ಇಲ್ಲ. ಸವೆತವಲ್ಲದ ಪಟ್ಟೆಗಳೂ ನೆರಳುಗಳೂ ಪರದೆಯಲ್ಲಿ ಗುಡ್ಡೆ ಬೀಳುತ್ತವೆ, ನೋಡಿದವರು ಪ್ಯಾನಲ್ ಹೋಯಿತು ಎಂದುಕೊಳ್ಳುತ್ತಾರೆ. ಕರೆಂಟ್ ಬಿಲ್ಲಿನ ಭಯ ಬೇಡ. ಸ್ಟ್ಯಾಂಡ್‌ಬೈ ಅರ್ಧ ವ್ಯಾಟ್ ಎಂದು ಹಿಡಿದರೂ ವರ್ಷವಿಡೀ ಸೇರಿ 4.4 ಯೂನಿಟ್.

ಆದ್ದರಿಂದ ಬೆಂಚಿನ ಮೇಲೆ ಮೊದಲ ರಿಪೇರಿ ಯಾವ ಸ್ಕ್ರೂ ಬಿಚ್ಚದೆಯೇ ಆಗುವಂಥದ್ದು. ದಿನಕ್ಕೆ ಐದು ಗಂಟೆ ಲೋಗೋ ಇಲ್ಲದ ವಿಡಿಯೋ, ಆಮೇಲೆ ರಿಮೋಟಿನಲ್ಲಿ ಆಫ್, ಒಂದು ಗಂಟೆ ಮುಟ್ಟದೆ ಬಿಡುವುದು. ಹೀಗೆ ನಾಲ್ಕು ದಿನ ಮಾಡಿ ಹತ್ತೂ ಜಾಗ ಮತ್ತೆ ಅಳೆಯಿರಿ. ಅಂಕಿ ಸುಧಾರಿಸುತ್ತಿದ್ದರೆ ಮುಂದುವರಿಸಿ.

ನಿಂತುಹೋದರೆ ಎರಡನೇ ಮೆಟ್ಟಿಲು, ಇದೇ ತಿದ್ದುಪಡಿಯ ದೊಡ್ಡ ಸುತ್ತು, ಅಂದರೆ ಮೆನುವಿನಿಂದ ನಾವೇ ಶುರುಮಾಡುವ ದೊಡ್ಡ ಸೈಕಲ್. ಎಲ್‌ಜಿಯಲ್ಲಿ ಇದರ ಹೆಸರು ಹಳೆಯ ಮಾದರಿಗಳಲ್ಲಿ ಪಿಕ್ಸೆಲ್ ರಿಫ್ರೆಶರ್, ಹೊಸದರಲ್ಲಿ ಓಎಲ್ಇಡಿ ಕೇರ್ ಒಳಗೆ ಪಿಕ್ಸೆಲ್ ಕ್ಲೀನಿಂಗ್. ಸೋನಿಯಲ್ಲಿ ಪ್ಯಾನಲ್ ರಿಫ್ರೆಶ್. ಸುಮಾರು ಒಂದು ಗಂಟೆ ಹಿಡಿಯುತ್ತದೆ. ನಡುವೆ ಪರದೆಯಲ್ಲಿ ಬಿಳಿ ಗೆರೆ ಕಾಣಿಸಿಕೊಳ್ಳಬಹುದು, ಅದು ದೋಷವಲ್ಲ. ಕೋಣೆಯ ಉಷ್ಣತೆ 10ರಿಂದ 40 ಡಿಗ್ರಿ ಒಳಗಿರಬೇಕು, ವರ್ಷಕ್ಕೊಮ್ಮೆಗಿಂತ ಹೆಚ್ಚು ಮಾಡಬೇಡಿ, ಪ್ಯಾನಲ್ ಬಾಳಿಕೆಗೆ ಪೆಟ್ಟಾಗಬಹುದು ಎಂದು ಸೋನಿಯೇ ಎಚ್ಚರಿಸುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ನಸುಕಿನಲ್ಲಿ ಮಾಡಿ. ಕರೆಂಟು ಹೋಗುವ ಊರಾದರೆ ಟಿವಿಯನ್ನು ಇನ್ವರ್ಟರ್ ಲೈನಿನ ಸಾಕೆಟ್ಟಿಗೆ ಹಾಕಿಯೇ ಶುರುಮಾಡಿ.

ಎಲ್‌ಜಿ ಟಿವಿ ಈ ದೊಡ್ಡ ಸೈಕಲ್ಲನ್ನು 2000 ಗಂಟೆಗೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ನೋಡಿದರೆ ಅದು 500 ದಿನಕ್ಕೊಮ್ಮೆ, ಈ ಹೋಟೆಲಿನ 16 ಗಂಟೆಯ ಲೆಕ್ಕದಲ್ಲಿ 125 ದಿನಕ್ಕೊಮ್ಮೆ. ಮೆನುವಿನಲ್ಲಿ ಒಟ್ಟು ಓಡಿದ ಗಂಟೆ ಕಾಣುವ ಮಾದರಿಯಾದರೆ ನೋಡಿಕೊಳ್ಳಿ. ಮುಂದಿನ 2000ದ ಗಡಿಗೆ ನೂರು ಗಂಟೆಗಿಂತ ಕಡಿಮೆ ಉಳಿದಿದ್ದರೆ (1900, 3900 ದಾಟಿದ್ದರೆ, ಹೀಗೆ) ಕೈಯಾರೆ ಮಾಡುವ ಬದಲು ಕಾಯುವುದೇ ಮೇಲು.

ಮಾಡಿದ ಮೇಲೆ ಏನು ನಿರೀಕ್ಷಿಸಬೇಕು? ಹಗುರ ಸವೆತ ವಿಡಿಯೋದಲ್ಲಿ ಕಾಣದಷ್ಟಕ್ಕೆ ಬರಬಹುದು, ಬೂದುಬಣ್ಣದಲ್ಲಿ ಹುಡುಕಿದರೆ ಸಿಗುತ್ತದೆ. ಸವೆತ ಆಳವಾಗಿದ್ದರೆ ಹೆಚ್ಚು ಕೊಡಲು ವೋಲ್ಟೇಜಿನಲ್ಲಿ ಜಾಗವೇ ಉಳಿದಿರುವುದಿಲ್ಲ. ಸೈಕಲ್ ಮುಗಿದರೂ ಲೋಗೋ ಲೋಗೋವಾಗಿಯೇ ನಿಂತಿರುತ್ತದೆ. ಕೆಲವೊಮ್ಮೆ ತಿದ್ದುಪಡಿ ಅತಿಯಾಗಿ, ಕಪ್ಪಾಗಿದ್ದ ಲೋಗೋ ಈಗ ತುಸು ಬೆಳ್ಳಗೆ ಕಾಣುತ್ತದೆ. ಗಾಬರಿಪಟ್ಟು ಮತ್ತೆ ಸೈಕಲ್ ಹಾಕಬೇಡಿ, ಕೆಲವು ದಿನ ಮಾಮೂಲಿ ಬಳಸಿ ಸಣ್ಣ ಸೈಕಲ್ಲುಗಳಿಗೆ ಬಿಡಿ.

‘ಬರ್ನ್-ಇನ್ ಫಿಕ್ಸ್’ ಎಂದು ಬಣ್ಣ ಮಿಣುಕಿಸುವ ಹತ್ತು ಗಂಟೆಯ ವಿಡಿಯೋಗಳನ್ನು ಓಎಲ್ಇಡಿಗೆ ಹಾಕಬೇಡಿ. ಅವು ಸವೆದ ಜಾಗವನ್ನೂ ಸವೆಯದ ಜಾಗವನ್ನೂ ಸೇರಿಸಿ ಸವೆಸುತ್ತವೆ. ಲೋಗೋದ ನೆಗೆಟಿವ್ ಮಾಡಿ ಉಳಿದ ಪರದೆಯನ್ನು ಬೇಕೆಂದೇ ಸವೆಸಿ ಸಮ ಮಾಡುವ ಉಪಾಯ ತತ್ವದಲ್ಲಿ ಸರಿ. ಲೆಕ್ಕ ಹಾಕಿ ನೋಡಿ: ಲೋಗೋ ಉರಿದದ್ದು ಸಾವಿರಾರು ಗಂಟೆ, ಉಳಿದ ಪರದೆಯೂ ಅಷ್ಟೇ ಉರಿಯಬೇಕು. ಕೊನೆಗೆ ಸಿಗುವುದು ಸಮನಾಗಿ ಮಂಕಾದ ಟಿವಿ, ಜೊತೆಗೆ ತಿಂಗಳುಗಳ ಕರೆಂಟು.

ಪ್ಯಾನಲ್ ಬದಲಿಸುವ ಮಾತು ಬಂದರೆ, ಪ್ಯಾನಲ್ ಎಂದರೆ ಟಿವಿಯ ಬೆಲೆಯ ಸಿಂಹಪಾಲು. ವಾರಂಟಿ ಪತ್ರ ಮೊದಲು ಓದಿ. ಹೋಟೆಲು, ಅಂಗಡಿಯ ವಾಣಿಜ್ಯ ಬಳಕೆಯನ್ನು ಮನೆಬಳಕೆಯ ವಾರಂಟಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಳೆಯ ಒಡೆದ ಸೆಟ್ಟಿನ ಟಿ-ಕಾನ್, ಅಂದರೆ ಪ್ಯಾನಲ್ಲಿನ ಪಿಕ್ಸೆಲ್ಲುಗಳನ್ನು ನಡೆಸುವ ಬೋರ್ಡು ತಂದು ಹಾಕಿದರೆ ಸರಿಹೋಗಬಹುದು ಎಂಬ ಸಲಹೆಯನ್ನು ನಂಬಬೇಡಿ. ಸರಿದೂಗಿಸುವ ಪಟ್ಟಿ ಇರುವುದು ಆ ಬೋರ್ಡಿನ ಮೆಮೊರಿಯಲ್ಲಿ, ಅದು ಆ ಪ್ಯಾನಲ್ಲಿಗೆ ಮಾತ್ರ ಹೊಂದುತ್ತದೆ. ಬೇರೆಯದರ ಪಟ್ಟಿ ಬಂದು ಕೂತರೆ ಒಂದು ಲೋಗೋದ ಬದಲು ಇಡೀ ಪರದೆ ಮೋಡ ಕವಿದಂತಾಗುತ್ತದೆ.

ಮಾನಿಟರ್: ಇಲ್ಲಿ ಸವೆತ ಇಲ್ಲ

ಎಲ್‌ಸಿಡಿಯಲ್ಲಿ ಪಿಕ್ಸೆಲ್ ಉರಿಯುವುದಿಲ್ಲ, ಹಿಂದಿನ ದೀಪಕ್ಕೆ ಕಿಟಕಿಯಂತೆ ತೆರೆದು ಮುಚ್ಚುತ್ತದೆ. ದ್ರವ ಸ್ಫಟಿಕಕ್ಕೆ ಕೊಡುವ ವೋಲ್ಟೇಜು ಪ್ರತಿ ಫ್ರೇಮಿಗೂ ಧನ, ಋಣ ಎಂದು ತಿರುಗುತ್ತಿರಬೇಕು. ಎರಡೂ ಕಡೆ ಸಮನಾಗಿಲ್ಲದಿದ್ದರೆ ಸ್ವಲ್ಪ ಡಿಸಿ, ಅಂದರೆ ಒಂದೇ ದಿಕ್ಕಿನ ವೋಲ್ಟೇಜು, ಉಳಿಯುತ್ತದೆ. ಒಂದೇ ಚಿತ್ರ ದಿನಗಟ್ಟಲೆ ನಿಂತಾಗ ಒಳಗಿನ ಕಲ್ಮಶದ ಅಯಾನುಗಳು ಆ ಡಿಸಿಗೆ ಸಿಕ್ಕಿ ಒಂದು ಪಕ್ಕಕ್ಕೆ ಸೇರಿಕೊಳ್ಳುತ್ತವೆ, ಚಿತ್ರ ಬದಲಾದರೂ ಅಲ್ಲೇ ಕೂತು ಹೊಳಪನ್ನು ಕೆಡಿಸುತ್ತವೆ. ಇದು ಬಹುಮಟ್ಟಿಗೆ ವಾಪಸ್ ಬರುತ್ತದೆ.

ಕ್ರಮ ಹೀಗೆ: ಪೂರ್ತಿ ಆಫ್ ಮಾಡಿ 24 ಗಂಟೆ ಬಿಡಿ. ಗೆರೆ ತೆಳುವಾಗಿದ್ದರೂ ಉಳಿದಿದ್ದರೆ, ಇಡೀ ಪರದೆಗೆ ಮಿಣುಕುವ ಕಪ್ಪು-ಬಿಳುಪು ಚುಕ್ಕೆಗಳ ವಿಡಿಯೋ ಎಂಟು ಗಂಟೆ, ಮತ್ತೆ ಎಂಟು ಗಂಟೆ ಆಫ್. ಓಎಲ್ಇಡಿಗೆ ಬೇಡ ಎಂದ ವಿಡಿಯೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಡೆಲ್‌ನ ಕೆಲವು ಮಾನಿಟರ್‌ಗಳ ಮೆನುವಿನಲ್ಲೇ ಎಲ್‌ಸಿಡಿ ಕಂಡೀಷನಿಂಗ್ ಎಂಬ ಆಯ್ಕೆ ಇದೆ, ಇದ್ದರೆ ಅದನ್ನೇ ಬಳಸಿ. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಬೇಡಿ; ಪೋಲರೈಸರ್ ಹಾಳೆಯ ಅಂಟು ಬಿಟ್ಟು ಗುಳ್ಳೆ ಏಳುತ್ತದೆ, ಅದಕ್ಕೆ ಮದ್ದಿಲ್ಲ.

ಗೆರೆ ಹೋಗಿ, ಮತ್ತೆ ಒಂದೇ ದಿನದಲ್ಲಿ ಬರುತ್ತಿದ್ದರೆ ವಿ-ಕಾಮ್, ಅಂದರೆ ಧನ-ಋಣಗಳ ನಡುಬಿಂದುವಾಗಿರಬೇಕಾದ ವೋಲ್ಟೇಜು, ನಡುವಿನಿಂದ ಸರಿದಿದೆ ಎಂದು ಅನುಮಾನಿಸಿ. ಪರೀಕ್ಷೆಗೆ ಒಂದು ಚಿತ್ರ: 50% ಬೂದು ಮತ್ತು ಕಪ್ಪು, ಒಂದು ಬಿಟ್ಟು ಒಂದು ಪಿಕ್ಸೆಲ್, ಚದುರಂಗದ ಹಾಸಿನಂತೆ, 1920×1080 ಅಸಲಿ ಗಾತ್ರದಲ್ಲೇ, ವಿಂಡೋಸ್ ಸ್ಕೇಲಿಂಗ್ 100% ಇಟ್ಟು. ಪರದೆ ಎದ್ದು ಕಾಣುವಂತೆ ಮಿಣುಕಿದರೆ ವಿ-ಕಾಮ್ ತಪ್ಪಿದೆ.

ಹಿಂಬದಿ ಬಿಚ್ಚುವ ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಿರಿ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ದೊಡ್ಡ ಟಿವಿಗಳಲ್ಲಿ 380-400. ಮಲ್ಟಿಮೀಟರ್ ಇಟ್ಟು ಸೊನ್ನೆಯ ಹತ್ತಿರ ಬಂದದ್ದನ್ನು ನೋಡಿಯೇ ಕೈ ಹಾಕಿ. ಟಿ-ಕಾನ್ ಬೋರ್ಡು ಪರದೆಯ ಅಂಚಿನಲ್ಲಿ ತಗಡಿನ ಮುಚ್ಚಳದ ಕೆಳಗಿರುತ್ತದೆ. ಅದರಲ್ಲಿ ಚಿಕ್ಕ ತಿರುಪು ಪ್ರಿಸೆಟ್ ಇದ್ದರೆ ಈಗಿರುವ ಸ್ಥಾನಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು, ಫೋಟೋ ತೆಗೆದು, ಆಮೇಲೆ ಪವರ್ ಕೊಟ್ಟು ಪ್ಲಾಸ್ಟಿಕ್ ತಿರುಪುಳಿಯಿಂದ ಎಂಟನೇ ಒಂದು ಸುತ್ತಿಗಿಂತ ಕಡಿಮೆ ತಿರುಗಿಸಿ. ಎದುರಿಗೆ ಕನ್ನಡಿ ಇಟ್ಟುಕೊಂಡರೆ ಹಿಂದಿನಿಂದ ತಿರುಗಿಸುತ್ತಲೇ ಪರದೆ ನೋಡಬಹುದು. ಮಿಣುಕು ಕಡಿಮೆಯಾಗುತ್ತ ಹೋಗಿ, ಒಂದು ಕಡೆ ನಿಂತಂತಾಗಿ, ದಾಟಿದರೆ ಮತ್ತೆ ಹೆಚ್ಚುತ್ತದೆ. ನಿಂತ ಜಾಗವೇ ಸರಿ. ಪ್ರಿಸೆಟ್ ಕಾಣದಿದ್ದರೆ ಹೊಂದಾಣಿಕೆ ಚಿಪ್ಪಿನೊಳಗೆ ಡಿಜಿಟಲ್ ಆಗಿದೆ, ಪ್ರೋಗ್ರಾಮರ್ ಇಲ್ಲದೆ ಮುಟ್ಟುವಂತಿಲ್ಲ, ಮುಚ್ಚಿಬಿಡಿ.

ಇನ್ನೊಂದು ಗೊಂದಲ ಪದೇ ಪದೇ ಬರುತ್ತದೆ. ಎಲ್‌ಇಡಿ ಟಿವಿಯಲ್ಲಿ (ಅದೂ ಎಲ್ಇಡಿ ಹಿಂಬದಿ ದೀಪವಿರುವ ಎಲ್ಸಿಡಿಯೇ) ದುಂಡಗಿನ ಬಿಳಿ ಚುಕ್ಕೆಗಳು ಕಂಡರೆ ಅದು ಬರ್ನ್-ಇನ್ ಅಲ್ಲ, ಒಳಗಿನ ಎಲ್‌ಇಡಿಯ ಮೇಲಿದ್ದ ಪ್ಲಾಸ್ಟಿಕ್ ಲೆನ್ಸು ಅಂಟು ಬಿಟ್ಟು ಬಿದ್ದಿರುತ್ತದೆ. ಹಳದಿ ಮೋಡ ಕಂಡರೆ ಬಿಸಿಗೆ ಡಿಫ್ಯೂಸರ್ ಹಾಳೆ ಬಣ್ಣಗೆಟ್ಟಿರುತ್ತದೆ.

ವಾಪಸ್ ಗೋಡೆಗೆ ಹೋಗುವ ಮುನ್ನ

ಟಿವಿಯಲ್ಲಿ ಮೊದಲು ಇಳಿಸಬೇಕಾದ್ದು ಓಎಲ್ಇಡಿ ಲೈಟ್, ಹೊಸ ಮಾದರಿಗಳಲ್ಲಿ ಓಎಲ್ಇಡಿ ಪಿಕ್ಸೆಲ್ ಬ್ರೈಟ್‌ನೆಸ್. ಸವೆತ ಹೊಳಪಿಗೆ ನೇರ ಅನುಪಾತದಲ್ಲಿ ಏರುವುದಿಲ್ಲ, ಸುಮಾರು 1.5ರಿಂದ 2ನೇ ಘಾತದಲ್ಲಿ ಏರುತ್ತದೆ. ಬೆಳಕನ್ನು ಅರ್ಧಕ್ಕೆ ತಂದರೆ ಬಾಳಿಕೆ ಸುಮಾರು 2.8ರಿಂದ 4 ಪಟ್ಟು. ಟಿವಿಗಳನ್ನು ಪರೀಕ್ಷಿಸುವ ಕೆನಡಾದ ಆರ್‌ಟಿಂಗ್ಸ್ ಸಂಸ್ಥೆ 2018ರಲ್ಲಿ ಒಂದೇ ಮಾದರಿಯ ಆರು ಎಲ್‌ಜಿ ಸಿ7 ಟಿವಿಗಳನ್ನು ದಿನಕ್ಕೆ 20 ಗಂಟೆಯಂತೆ ಓಡಿಸಿದಾಗ, ಸಿಎನ್ಎನ್ ವಾಹಿನಿಯನ್ನೇ ಎರಡು ಟಿವಿಗಳಿಗೆ ಹಾಕಿ ಒಂದನ್ನು ಪೂರ್ತಿ ಹೊಳಪಿಗೂ ಇನ್ನೊಂದನ್ನು 200 ನಿಟ್ಸ್‌ಗೂ ಇಟ್ಟಿತ್ತು. ಪೂರ್ತಿ ಹೊಳಪಿನದಕ್ಕೆ ಕಲೆ ಹೆಚ್ಚು ಗಾಢವಾಗಿ ಬಿತ್ತು. ವಿವಿಡ್ ಮೋಡ್ ತೆಗೆದುಬಿಡಿ. ಸ್ಕ್ರೀನ್ ಶಿಫ್ಟ್ ಆನ್, ಲೋಗೋ ಹೊಳಪು ತಗ್ಗಿಸುವ ಆಯ್ಕೆ ಹೈ. ಗೋಡೆಯ ಸ್ವಿಚ್ಚಿನ ಮೇಲೆ ‘ರಾತ್ರಿ ಆರಿಸಬೇಡಿ’ ಎಂದು ಚೀಟಿ ಅಂಟಿಸಿ, ಕೆಲಸದವರಿಗೂ ಹೇಳಿ.

ಇಷ್ಟೆಲ್ಲ ಮಾಡಿದರೂ ದಿನಕ್ಕೆ 16 ಗಂಟೆ ಒಂದೇ ಸುದ್ದಿ ವಾಹಿನಿ ನಡೆಯುವ ಗೋಡೆಗೆ ಓಎಲ್ಇಡಿ ಸರಿಯಾದ ಪರದೆಯಲ್ಲ. ಮಾಮೂಲಿ ಎಲ್‌ಇಡಿ-ಎಲ್‌ಸಿಡಿ ಟಿವಿ ಅಲ್ಲಿಗೆ ಸಾಕು, ಈ ಟಿವಿ ಸಂಜೆ ಸಿನಿಮಾ ನೋಡುವ ಮನೆಗೆ ಹೋಗಲಿ ಎಂದು ಮಾಲೀಕರಿಗೆ ನೇರವಾಗಿ ಹೇಳಬೇಕು. ಸಿಸಿಟಿವಿ ಮಾನಿಟರ್‌ಗಾದರೆ ಡಿವಿಆರ್‌ನಲ್ಲಿ ಪ್ರತಿ ಹತ್ತು ನಿಮಿಷಕ್ಕೆ ನಾಲ್ಕು ಚೌಕದಿಂದ ಒಂದೊಂದೇ ಕ್ಯಾಮೆರಾ ಪೂರ್ತಿ ಪರದೆಗೆ ಬರುವಂತೆ ಸರದಿ ಹಾಕಿ. ಆಫೀಸಿನ ಓಎಲ್ಇಡಿ ಮಾನಿಟರ್‌ಗೆ ಟಾಸ್ಕ್‌ಬಾರ್ ಮರೆಯಾಗುವಂತೆ, ವಾಲ್‌ಪೇಪರ್ ಕಪ್ಪು, ಐದು ನಿಮಿಷಕ್ಕೆ ಡಿಸ್‌ಪ್ಲೇ ಆಫ್.

ಪುಸ್ತಕದ ಕೊನೆಯ ಸಾಲಿನಲ್ಲಿ ಇಂದಿನ ಒಟ್ಟು ಗಂಟೆ ಬರೆಯಿರಿ. ಮುಂದಿನ ಅಳತೆ 500 ಗಂಟೆ ಕಳೆದ ಮೇಲೆ, ಅದೇ ನಳಿಕೆ, ಅದೇ 50% ಬೂದು, ಅದೇ ಹತ್ತು ಜಾಗ.